ಪರದೆಯಲ್ಲಿತ್ತು, ರೈಲಿಗೆ ತಲುಪಿರಲಿಲ್ಲ: ಕೇಂಬ್ರಿಯನ್ ಮಾರ್ಗದ ಒಂದು ಬೆಳಗು

2017ರ ಅಕ್ಟೋಬರ್ 20, ಬೆಳಗಿನ ಹೊತ್ತು. ವೇಲ್ಸ್‌ನ ಪಶ್ಚಿಮ ಕರಾವಳಿಯಲ್ಲಿ ಬಾರ್ಮತ್ ಎಂಬ ಪುಟ್ಟ ಊರಿದೆ. ಅದರ ಹತ್ತಿರದ ಒಂದು ಲೆವೆಲ್ ಕ್ರಾಸಿಂಗ್ ಕಡೆಗೆ ಒಂದು ರೈಲು ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುತ್ತಿತ್ತು. ಅಲ್ಲಿ ಇರಬೇಕಾಗಿದ್ದ ವೇಗ 30 ಕಿ.ಮೀ. ಚಾಲಕರ ಮುಂದಿನ ಪರದೆಯಲ್ಲಿ ಆ 30ರ ಸುಳಿವೇ ಇರಲಿಲ್ಲ. ಆದರೆ ಕಂಟ್ರೋಲ್ ಕೇಂದ್ರದ ಪರದೆಯಲ್ಲಿ ಅದೇ ಮಿತಿ ಜಾರಿಯಲ್ಲಿದೆ ಅಂತ ಸ್ಪಷ್ಟವಾಗಿ ಕಾಣುತ್ತಿತ್ತು.

ಯಾರಿಗೂ ಪೆಟ್ಟಾಗಲಿಲ್ಲ. ರೈಲು ಹಳಿ ತಪ್ಪಲಿಲ್ಲ. ಆದರೂ ಬ್ರಿಟನ್ನಿನ ರೈಲು ಅಪಘಾತ ತನಿಖಾ ಸಂಸ್ಥೆ ಇದರ ಹಿಂದೆ ಎರಡು ವರ್ಷಕ್ಕೂ ಜಾಸ್ತಿ ಕಾಲ ಬಿದ್ದು, 2019ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ರಕ್ತ ಹರಿಯದ ಘಟನೆಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ಕೆಲವರಿಗೆ ಅನಿಸಬಹುದು. ನನ್ನ ಮಟ್ಟಿಗೆ ಸಿಗ್ನಲ್ ಬಗ್ಗೆ ಆಸಕ್ತಿ ಇರುವವರು ಓದಲೇಬೇಕಾದ ಪ್ರಕರಣ ಇದು. ಯಾಕೆ ಅಂದರೆ ಇಲ್ಲಿ ಯಾವುದೂ ಕೆಟ್ಟು ನಿಂತ ಹಾಗೆ ಕಾಣಲಿಲ್ಲ. ಎಲ್ಲ ಸರಿಯಾಗಿ ನಡೆಯುತ್ತಿದೆ ಅಂತಲೇ ಎಲ್ಲರಿಗೂ ಕಂಡಿತು.

ಊರು, ಹಳಿ, ರೇಡಿಯೋ

ಕೇಂಬ್ರಿಯನ್ ಮಾರ್ಗ ಇಂಗ್ಲೆಂಡಿನ ಶ್ರೂಸ್‌ಬರಿಯಿಂದ ಹೊರಟು, ಗಡಿ ದಾಟಿ ವೇಲ್ಸ್ ಒಳಗೆ ಪಶ್ಚಿಮಕ್ಕೆ ಹೋಗುತ್ತದೆ. ಸಮುದ್ರ ಹತ್ತಿರ ಬಂದ ಮೇಲೆ ಡವಿ ಜಂಕ್ಷನ್‌ನಲ್ಲಿ ಎರಡಾಗಿ ಒಡೆಯುತ್ತದೆ. ಒಂದು ಕವಲು ಆಬರಿಸ್ಟ್‌ವಿತ್‌ಗೆ, ಇನ್ನೊಂದು ಕರಾವಳಿ ಹಿಡಿದುಕೊಂಡು ಉತ್ತರದ ಪುಲ್‌ಹೆಲಿಗೆ. ಹೆಚ್ಚಿನ ಭಾಗ ಒಂಟಿ ಹಳಿ. ಎರಡು ಡಬ್ಬಿಯ ಡೀಸೆಲ್ ರೈಲುಗಳು, ಸಣ್ಣ ಸಣ್ಣ ಸ್ಟೇಷನ್, ಹೊಲಗದ್ದೆಗಳ ನಡುವೆ ಹಳಿ ದಾಟುವ ಜಾಗಗಳು.

ಇಂಥ ಸದ್ದಿಲ್ಲದ ಮಾರ್ಗವನ್ನೇ ಬ್ರಿಟನ್ ಒಂದು ದೊಡ್ಡ ಪ್ರಯೋಗಕ್ಕೆ ಆರಿಸಿತು. 2011ರಿಂದ ಇಲ್ಲಿ ಹಳಿ ಪಕ್ಕದ ದೀಪದ ಸಿಗ್ನಲ್‌ಗಳು ಇಲ್ಲ. ಅವುಗಳ ಜಾಗಕ್ಕೆ ಬಂದಿದ್ದು ಇಆರ್‌ಟಿಎಂಎಸ್ ಎಂಬ ಯುರೋಪಿನ ರೈಲು ನಿಯಂತ್ರಣ ವ್ಯವಸ್ಥೆ. ಅದರೊಳಗಿನ ಸಿಗ್ನಲ್ ಭಾಗಕ್ಕೆ ಇಟಿಸಿಎಸ್ ಅಂತಾರೆ.

ಇದು ಹುಟ್ಟಿದ್ದೇ ಗಡಿ ದಾಟುವ ಕಷ್ಟದಿಂದ. ಯುರೋಪಿನಲ್ಲಿ ಒಂದೊಂದು ದೇಶವೂ ತನ್ನದೇ ಸಿಗ್ನಲ್, ತನ್ನದೇ ಬ್ರೇಕ್ ಹಾಕಿಸುವ ಯಂತ್ರ ಬೆಳೆಸಿಕೊಂಡಿತ್ತು. ಫ್ರಾನ್ಸ್‌ನಿಂದ ಜರ್ಮನಿಗೆ ಹೋಗಬೇಕಾದರೆ ಒಂದೋ ಗಡಿಯಲ್ಲಿ ಎಂಜಿನ್ ಬದಲಿಸಬೇಕು, ಇಲ್ಲವೇ ಎರಡೂ ದೇಶದ ಯಂತ್ರಗಳನ್ನು ಒಂದೇ ಎಂಜಿನ್‌ನಲ್ಲಿ ಹೊತ್ತುಕೊಂಡು ಹೋಗಬೇಕು. ಪ್ಯಾರಿಸ್, ಬ್ರಸೆಲ್ಸ್, ಕಲೋನ್, ಆಮ್‌ಸ್ಟರ್‌ಡ್ಯಾಮ್ ನಡುವೆ ಓಡುತ್ತಿದ್ದ ಥಾಲಿಸ್ ರೈಲಿನಲ್ಲಿ ಆರೇಳು ಬಗೆಯ ಸಿಗ್ನಲ್ ಯಂತ್ರಗಳು ತುಂಬಿದ್ದವು. ಇದನ್ನೆಲ್ಲ ಬಿಟ್ಟು ಎಲ್ಲ ದೇಶಕ್ಕೂ ಒಂದೇ ಭಾಷೆ ಇರಲಿ ಎಂಬುದು ಇಟಿಸಿಎಸ್‌ನ ಆಸೆ.

ಭಾಷೆ ಅಂದೆ. ಅದು ಬರೀ ಹೋಲಿಕೆಯಲ್ಲ. 2001ರ ಮಾರ್ಚ್ 27ರಂದು ಬೆಲ್ಜಿಯಂನಲ್ಲಿ ಒಂದು ಖಾಲಿ ರೈಲು ವಾವ್ರ್ ಎಂಬಲ್ಲಿ ಕೆಂಪು ಸಿಗ್ನಲ್ ದಾಟಿ ತಪ್ಪು ಹಳಿಗೆ ಹೋಯಿತು. ವಾವ್ರ್‌ನ ಸಿಗ್ನಲ್ ಸಿಬ್ಬಂದಿ ಮುಂದಿನ ಲುವೆನ್‌ಗೆ ಫೋನ್ ಮಾಡಿದರು. ಇವರಿಗೆ ಫ್ರೆಂಚ್, ಅವರಿಗೆ ಡಚ್. ಒಬ್ಬರ ಮಾತು ಒಬ್ಬರಿಗೆ ಅರ್ಥವಾಗಲಿಲ್ಲ. ಎದುರಿಂದ ಬಂದ ರೈಲಿಗೆ ಪೆಕ್ರೊ ಎಂಬಲ್ಲಿ ಡಿಕ್ಕಿಯಾಗಿ 8 ಜನ ಸತ್ತರು. ದೇಶ ಒಂದೇ, ರೈಲ್ವೆ ಒಂದೇ. ನಡುವೆ ಇದ್ದದ್ದು ಭಾಷೆಯ ಗಡಿ ಮಾತ್ರ. ಆ ಫೋನಿನ ಎರಡು ತುದಿಯಲ್ಲಿ ಇದ್ದವರ ಸ್ಥಿತಿ ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತದೆ. ಮಾತಿನ ಬದಲು ಅಂಕಿಯಲ್ಲಿ, ಗುರುತಿನಲ್ಲಿ ಸಂದೇಶ ನೇರ ರೈಲಿಗೇ ಹೋಗಲಿ ಎಂಬ ಆಸೆ ಎಷ್ಟು ನ್ಯಾಯವಾದದ್ದು ಅಂತ ಇಂಥ ಘಟನೆ ಓದಿದರೆ ಗೊತ್ತಾಗುತ್ತದೆ.

ಕೇಂಬ್ರಿಯನ್‌ನಲ್ಲಿ ಹಾಕಿದ್ದು ಇಟಿಸಿಎಸ್ ಲೆವೆಲ್ 2. ಕೆಲಸ ಹೀಗೆ. ಹಳಿಯ ಕೆಳಗಿನ ಅಡ್ಡ ದಿಮ್ಮಿಗಳ, ಅಂದರೆ ಸ್ಲೀಪರ್‌ಗಳ ಮೇಲೆ ಅಲ್ಲಲ್ಲಿ ಬಲೀಸ್ ಎಂಬ ಹಳದಿ ಪಟ್ಟಿಗಳು ಇರುತ್ತವೆ. ಇವಕ್ಕೆ ಕರೆಂಟ್ ಬೇಡ. ಮೇಲೆ ಹಾದು ಹೋಗುವ ರೈಲೇ ಒಂದು ಕ್ಷಣ ಶಕ್ತಿ ಕೊಟ್ಟು ಎಬ್ಬಿಸುತ್ತದೆ. ಎದ್ದ ಬಲೀಸ್ ತಾನು ಯಾವ ಜಾಗದ ಬಲೀಸ್ ಅಂತ ಹೇಳುತ್ತದೆ. ರೈಲು ತನ್ನ ಜಾಗವನ್ನು ರೇಡಿಯೋ ಮೂಲಕ ಕಂಟ್ರೋಲ್ ಕೇಂದ್ರದ ಕಂಪ್ಯೂಟರ್‌ಗೆ ತಿಳಿಸುತ್ತದೆ. ಆ ಕಂಪ್ಯೂಟರ್‌ಗೆ ರೇಡಿಯೋ ಬ್ಲಾಕ್ ಸೆಂಟರ್ ಅಂತ ಹೆಸರು. ಅದು ತಿರುಗಿ ಉತ್ತರ ಕೊಡುತ್ತದೆ: ಇಲ್ಲಿಂದ ಇಷ್ಟು ದೂರ ಹೋಗಲು ಅನುಮತಿ ಇದೆ, ಈ ಭಾಗದಲ್ಲಿ ಇಷ್ಟು ವೇಗ, ಆ ಭಾಗದಲ್ಲಿ ಅಷ್ಟು. ಚಾಲಕರು ಮಿತಿ ಮೀರಿದರೆ ರೈಲು ತಾನೇ ಬ್ರೇಕ್ ಹಾಕುತ್ತದೆ.

ಕಂಟ್ರೋಲ್ ಕೇಂದ್ರ ಇರುವುದು ಮಹನ್‌ಲೆತ್ ಊರಿನಲ್ಲಿ. ಅಲ್ಲಿ ಕೂತವರ ಮಾತು ಇಂಗ್ಲೆಂಡ್ ಗಡಿಯಾಚೆಯ ಶ್ರೂಸ್‌ಬರಿ ಅಂಚಿನವರೆಗೂ ನಡೆಯುತ್ತದೆ.

ಅಕ್ಟೋಬರ್ 19ರ ರಾತ್ರಿ

ಈಗ ಮುಖ್ಯ ವಿಷಯ. ಹಳಿಯ ಯಾವುದೋ ಭಾಗದಲ್ಲಿ ಸ್ವಲ್ಪ ಕಾಲ ನಿಧಾನ ಹೋಗಬೇಕು ಅಂತ ಇದ್ದಾಗ ತಾತ್ಕಾಲಿಕ ವೇಗ ಮಿತಿ ಹಾಕುತ್ತಾರೆ. ಬಾರ್ಮತ್ ಹತ್ತಿರದ 30 ಕಿ.ಮೀ. ಮಿತಿ ಇದ್ದದ್ದು 2014ರಿಂದ. ಅಲ್ಲಿ ಹಳಿ ದಾಟುವವರಿಗೆ ರೈಲು ಬರುವುದು ಸಾಕಷ್ಟು ಮೊದಲೇ ಗೊತ್ತಾಗಬೇಕು, ಅವರು ದಾಟಿ ಮುಗಿಸಬೇಕು ಅನ್ನುವುದೇ ಅದರ ಕಾರಣ.

ಇದರ ಅರ್ಥ ಏನು ಅಂತ ಒಂದು ಲೆಕ್ಕ ಹಾಕಿ ನೋಡೋಣ. ರೈಲು 200 ಮೀಟರ್ ದೂರದಲ್ಲಿ ಕಣ್ಣಿಗೆ ಬಿತ್ತು ಅಂತ ಇಟ್ಟುಕೊಳ್ಳಿ. 30 ಕಿ.ಮೀ. ವೇಗದಲ್ಲಿ ಅದು ನಿಮ್ಮ ಹತ್ತಿರ ಬರಲು 24 ಸೆಕೆಂಡ್ ಬೇಕು. 80 ಕಿ.ಮೀ. ಆದರೆ 9 ಸೆಕೆಂಡ್. ಕೋಲು ಹಿಡಿದ ಅಜ್ಜ, ನಾಯಿ ಹಗ್ಗ ಹಿಡಿದ ಹುಡುಗಿ, ಕುರಿ ಹೊಡೆದುಕೊಂಡು ಬರುವ ರೈತ, ಇವರಿಗೆಲ್ಲ ಆ 15 ಸೆಕೆಂಡ್‌ನಲ್ಲೇ ಜೀವ ಇದೆ.

ಅಕ್ಟೋಬರ್ 19ರ ರಾತ್ರಿ ಸಿಗ್ನಲ್ ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಯಿತು. ರೀಸ್ಟಾರ್ಟ್ ಆದ ಮೇಲೆ ವೇಗ ಮಿತಿಗಳ ಪಟ್ಟಿ ಅದಕ್ಕೆ ಮತ್ತೆ ಲೋಡ್ ಆಗಬೇಕು. ಆ ಪಟ್ಟಿಯನ್ನು ನೋಡಿಕೊಳ್ಳಲು ಬೇರೆಯದೇ ಸರ್ವರ್ ಇತ್ತು. ಆ ಸರ್ವರ್‌ನ ಡೇಟಾಬೇಸ್ ಕೆಟ್ಟಿತ್ತು. ಕೆಟ್ಟಿದೆ ಅಂತ ಕಂಡುಹಿಡಿಯುವ ಶಕ್ತಿ ಅದರ ಸಾಫ್ಟ್‌ವೇರ್‌ಗೆ ಇರಲಿಲ್ಲ. ಪಟ್ಟಿ ಹೋಗಲೇ ಇಲ್ಲ.

ಆದರೆ ಸಿಗ್ನಲ್ ಸಿಬ್ಬಂದಿಯ ಪರದೆಯಲ್ಲಿ ಎಲ್ಲ ಮಿತಿಗಳೂ ಲೋಡ್ ಆಗಿವೆ, ರೈಲುಗಳಿಗೆ ಹೋಗಲು ಸಿದ್ಧವಾಗಿವೆ ಅಂತ ತೋರಿಸುತ್ತಿತ್ತು. ಅಂದರೆ ಆ ಪರದೆ ರೈಲಿಗೆ ಏನು ಹೋಗುತ್ತಿದೆ ಅಂತ ನೋಡಿ ಹೇಳುತ್ತಿರಲಿಲ್ಲ. ಏನು ಹೋಗಬೇಕು ಎಂಬುದನ್ನೇ ಹೋಗಿದೆ ಅಂತ ತೋರಿಸುತ್ತಿತ್ತು.

ಬೆಳಿಗ್ಗೆ ಕರಾವಳಿ ಕವಲಿನಲ್ಲಿ ನಾಲ್ಕು ರೈಲುಗಳು ಹೀಗೇ ಓಡಿದವು. ಕೊನೆಗೆ ಒಬ್ಬ ಚಾಲಕರು ತಮ್ಮ ಪರದೆಯಲ್ಲಿ ಬರುತ್ತಿರುವ ಮಾಹಿತಿ ಸರಿಯಿಲ್ಲ ಅಂತ ಕಂಟ್ರೋಲ್‌ಗೆ ತಿಳಿಸಿದರು. ಸಿಬ್ಬಂದಿ ಅದರ ಹಿಂದೆ ಬಿದ್ದು ಹುಡುಕಿದಾಗ, ಯಾವ ರೈಲಿಗೂ ವೇಗ ಮಿತಿ ತಲುಪುತ್ತಿಲ್ಲ ಎಂಬುದು ಗೊತ್ತಾಯಿತು. ಕೋಟಿಗಟ್ಟಲೆ ಖರ್ಚು ಮಾಡಿದ ವ್ಯವಸ್ಥೆಯ ಯಾವ ಗಂಟೆಯೂ ಬಾರಿಸಲಿಲ್ಲ. ಒಬ್ಬ ಮನುಷ್ಯನ ಕಣ್ಣು ಅದನ್ನು ಹಿಡಿಯಿತು.

ಇಲ್ಲದಿರುವುದು ಮತ್ತು ಗೊತ್ತಿಲ್ಲದಿರುವುದು

ನನ್ನನ್ನು ಈ ಪ್ರಕರಣ ಹಿಡಿದು ನಿಲ್ಲಿಸುವುದು ಇಲ್ಲೇ.

ಸಿಗ್ನಲ್ ಕೆಲಸದ ಮೊದಲ ಪಾಠ, ಕೆಟ್ಟರೆ ಸುರಕ್ಷಿತ ಕಡೆಗೇ ಕೆಡಬೇಕು ಎಂಬುದು. ಹಳೇ ಕಾಲದ ಕೈಮರ ಸಿಗ್ನಲ್‌ನ ತಂತಿ ತುಂಡಾದರೆ ಕೈ ತಾನಾಗಿ ಅಪಾಯದ ಗುರುತಿಗೆ ಹೋಗುವಂತೆ ಭಾರ ಕಟ್ಟಿರುತ್ತಿದ್ದರು. ಈಗಲೂ ದೀಪ ಆರಿದ ಸಿಗ್ನಲ್ ಕಂಡರೆ ನಿಲ್ಲಬೇಕು. ಇಟಿಸಿಎಸ್ ಕೂಡ ಮುಂದೆ ಹೋಗುವ ಅನುಮತಿಯ ವಿಷಯದಲ್ಲಿ ಹೀಗೇ ಇದೆ. ಅನುಮತಿಯ ಸಂದೇಶ ಬರಲಿಲ್ಲ ಅಂದರೆ ರೈಲು ಮುಂದೆ ಹೋಗುವುದಿಲ್ಲ. ಸಂದೇಶ ಕಳೆದುಹೋದರೆ ಜನಕ್ಕೆ ತಡವಾಗುತ್ತದೆ, ಅಷ್ಟೇ.

ವೇಗ ಮಿತಿ ಇದಕ್ಕೆ ತದ್ವಿರುದ್ಧ. ಅದು ಅನುಮತಿ ಅಲ್ಲ, ತಡೆ. ತಡೆಯ ಸಂದೇಶ ಕಳೆದುಹೋದರೆ ರೈಲು ನಿಲ್ಲುವುದಿಲ್ಲ, ಇನ್ನೂ ಜೋರಾಗಿ ಓಡುತ್ತದೆ. ಪಟ್ಟಿ ಖಾಲಿ ಇದೆ ಅಂದರೆ "ಎಲ್ಲೂ ನಿಧಾನ ಹೋಗಬೇಕಾಗಿಲ್ಲ" ಅಂತಲೂ ಇರಬಹುದು, "ಪಟ್ಟಿಯೇ ನನಗೆ ಸಿಕ್ಕಿಲ್ಲ" ಅಂತಲೂ ಇರಬಹುದು. ಆ ರಾತ್ರಿ ಕಂಪ್ಯೂಟರ್‌ಗೆ ಇವೆರಡೂ ಒಂದೇ ಆಗಿ ಕಂಡವು.

ನಮ್ಮ ರೈಲ್ವೆಯ ಹಳೇ ಪದ್ಧತಿಯೊಂದು ಇಲ್ಲಿ ನೆನಪಾಗುತ್ತದೆ. ಮುಂದೆ ಎಲ್ಲಾದರೂ ನಿಧಾನ ಹೋಗಬೇಕಿದ್ದರೆ ಲೋಕೋ ಪೈಲಟ್ ಕೈಗೆ ಕಾಷನ್ ಆರ್ಡರ್ ಎಂಬ ಚೀಟಿ ಕೊಡುತ್ತಾರೆ. ಯಾವ ಕಿಲೋಮೀಟರ್‌ನಿಂದ ಯಾವ ಕಿಲೋಮೀಟರ್, ಎಷ್ಟು ವೇಗ, ಯಾಕೆ ಅಂತ ಬರೆದಿರುತ್ತದೆ. ಅವರು ಸಹಿ ಹಾಕಿ ತೆಗೆದುಕೊಳ್ಳಬೇಕು. ಇದಕ್ಕಿಂತ ಚಂದದ ವಿಷಯ ಇನ್ನೊಂದಿದೆ. ಎಲ್ಲೂ ನಿಧಾನ ಹೋಗಬೇಕಾಗಿಲ್ಲ ಅಂದಾಗಲೂ ಸುಮ್ನೆ ಬಿಡುವುದಿಲ್ಲ. "ನಿಲ್" (ಇಂಗ್ಲಿಷ್‌ನಲ್ಲಿ ಸೊನ್ನೆ) ಅಂತ ಬರೆದ ಕಾಷನ್ ಆರ್ಡರ್ ಕೊಡುತ್ತಾರೆ. ಏನೂ ಇಲ್ಲ ಎಂಬುದನ್ನೂ ಕಾಗದದ ಮೇಲೆ ಹೇಳುತ್ತಾರೆ! ಕೈಯಲ್ಲಿ ಚೀಟಿ ಇಲ್ಲ ಅಂದರೆ ಏನೋ ತಪ್ಪಿದೆ ಅಂತ ಲೋಕೋ ಪೈಲಟ್‌ಗೆ ತಕ್ಷಣ ಗೊತ್ತಾಗುತ್ತದೆ. ಇಲ್ಲದಿರುವುದು ಬೇರೆ, ಗೊತ್ತಿಲ್ಲದಿರುವುದು ಬೇರೆ ಅಂತ ಆ ನಿಯಮ ಬರೆದವರಿಗೆ ಚೆನ್ನಾಗಿ ತಿಳಿದಿತ್ತು. ಅದರ ಜೊತೆಗೆ ಹಳಿ ಪಕ್ಕದಲ್ಲಿ ಎಚ್ಚರಿಕೆಯ ಬೋರ್ಡು, ವೇಗದ ಬೋರ್ಡು, ಮಿತಿ ಮುಗಿಯುವ ಬೋರ್ಡು ನೆಟ್ಟಿರುತ್ತಾರೆ. ಚೀಟಿ ತಪ್ಪಿದರೆ ಬೋರ್ಡು ಹೇಳುತ್ತದೆ, ಬೋರ್ಡು ಬಿದ್ದುಹೋಗಿದ್ದರೆ ಚೀಟಿ ಹೇಳುತ್ತದೆ.

ಕಾಗದಕ್ಕೇ ವಾಪಸ್ ಹೋಗೋಣ ಅಂತ ನಾನು ಹೇಳುತ್ತಿಲ್ಲ. ಚೀಟಿ ಬ್ರೇಕ್ ಹಾಕುವುದಿಲ್ಲ, ಇಟಿಸಿಎಸ್ ಹಾಕುತ್ತದೆ. ಮಂಜಿನಲ್ಲಿ, ಮಳೆಯಲ್ಲಿ, ನಿದ್ದೆಗೆಟ್ಟ ಬೆಳಗಿನ ಜಾವದಲ್ಲಿ ಆ ಯಂತ್ರ ಉಳಿಸುವ ಜೀವಗಳ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಆದರೆ ಹಳೆಯ ಪದ್ಧತಿ ತೆಗೆದು ಹೊಸದನ್ನು ಕೂರಿಸುವಾಗ, ಹಳೆಯದು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಗಳ ಲೆಕ್ಕ ಹಾಕಬೇಕು, ಅಲ್ವಾ? ಸಹಿ ಹಾಕಿಸಿಕೊಳ್ಳುವುದು ಅಂಥದ್ದೊಂದು ಕೆಲಸ.

ತನಿಖೆ ಏನು ಕಂಡಿತು

ವ್ಯವಸ್ಥೆಯ ವಿನ್ಯಾಸ ಮಾಡಿದ್ದು ಅನ್ಸಾಲ್ಡೊ ಎಸ್‌ಟಿಎಸ್ ಕಂಪನಿ. ಮುಂದೆ ಅದು ಹಿಟಾಚಿಯ ಭಾಗವಾಯಿತು. ಪಟ್ಟಿ ನಿಜವಾಗಿಯೂ ಲೋಡ್ ಆಯಿತಾ ಅಂತ ಬೇರೆ ದಾರಿಯಲ್ಲಿ ಪರೀಕ್ಷಿಸುವ ಏರ್ಪಾಡು ಇರಲೇಬೇಕಿತ್ತು. ಅದಿಲ್ಲದೆ ಯುರೋಪಿನ ಸುರಕ್ಷತಾ ಮಟ್ಟ ಮುಟ್ಟಲು ಆಗುವುದಿಲ್ಲ. ಅಂಥ ಪರೀಕ್ಷೆ ಇಡಬೇಕು ಅಂತ ಕಂಪನಿಯ ಮನಸ್ಸಿನಲ್ಲೂ ಇತ್ತು. ಆದರೆ ಅದು ಸರಿಯಾಗಿ ಜಾರಿಗೆ ಬಂತು ಎಂಬುದಕ್ಕೆ ಸ್ಪಷ್ಟ ಸಾಕ್ಷಿ ತನಿಖೆಗೆ ಸಿಗಲಿಲ್ಲ.

ಒಂದೇ ಒಂದು ಕಡೆ ಕೆಟ್ಟರೆ ಇಡೀ ರಕ್ಷಣೆ ಕುಸಿಯುವ ದೌರ್ಬಲ್ಯ ಅಲ್ಲಿತ್ತು. ವಿನ್ಯಾಸದ ಹಂತದಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಒಪ್ಪಿಗೆ ಕೊಡುವ ಹಂತದಲ್ಲೂ ಬೀಳಲಿಲ್ಲ, ಪರೀಕ್ಷೆಯ ಹಂತದಲ್ಲೂ ಇಲ್ಲ. ಮೂರು ಜರಡಿಯನ್ನೂ ದಾಟಿ ಬಂದ ಕಲ್ಲು ಅದು. ವಿನ್ಯಾಸ ಮಾಡುವವರು ಮುಂದಿನವರು ನೋಡುತ್ತಾರೆ ಅಂದುಕೊಂಡರೆ, ಒಪ್ಪಿಗೆ ಕೊಡುವವರು ಹಿಂದಿನವರು ನೋಡಿರುತ್ತಾರೆ ಅಂದುಕೊಂಡರೆ ಹೀಗಾಗುವುದು ಸಹಜ. ಇದು ನನ್ನ ಊಹೆ, ವರದಿಯ ಮಾತಲ್ಲ.

ತಕ್ಷಣಕ್ಕೆ ಆದ ಬದಲಾವಣೆ ತುಂಬಾ ಸರಳ. ಕಂಪ್ಯೂಟರ್ ರೀಸ್ಟಾರ್ಟ್ ಆದಾಗಲೆಲ್ಲ ವೇಗ ಮಿತಿಗಳು ನಿಜಕ್ಕೂ ರೈಲಿಗೆ ಹೋಗುತ್ತಿವೆಯಾ ಅಂತ ಬೇರೆಯಾಗಿ ನೋಡಿ ಖಾತ್ರಿ ಮಾಡಿಕೊಳ್ಳುವುದು. ಇನ್ನು ವರದಿಯ ಶಿಫಾರಸುಗಳ ಪೈಕಿ ನನಗೆ ತುಂಬಾ ಮುಖ್ಯ ಅನಿಸಿದ್ದು ದಾಖಲೆ ಉಳಿಸಿಕೊಳ್ಳುವ ಮಾತು. ಸಾಫ್ಟ್‌ವೇರ್ ಕೆಟ್ಟಾಗ ಯಾಕೆ ಕೆಟ್ಟಿತು ಅಂತ ಆಮೇಲೆ ತಿಳಿಯುವ ಹಾಗೆ ಡೇಟಾ ಉಳಿದಿರಬೇಕು. ಹಳಿ ಮುರಿದರೆ ಮುರಿದ ತುಂಡು ಕೈಗೆ ಸಿಗುತ್ತದೆ. ಕಂಪ್ಯೂಟರ್ ಕೆಟ್ಟಾಗ ನಾವೆಲ್ಲ ಮಾಡುವ ಮೊದಲ ಕೆಲಸ ಆಫ್ ಮಾಡಿ ಆನ್ ಮಾಡುವುದು. ಸಾಕ್ಷಿ ಅಲ್ಲೇ ಅಳಿಸಿಹೋಗುತ್ತದೆ.

ಗಡಿಯ ಮಾತು

ಕೇಂಬ್ರಿಯನ್‌ನಲ್ಲಿ ಓಡಿಸುವವರು ಅದೇ ಹಳಿಯ ಮೇಲೆ ಮತ್ತೆ ಮತ್ತೆ ಓಡಾಡುವವರು. ಮೂರು ವರ್ಷದಿಂದ ಅಲ್ಲೊಂದು ಮಿತಿ ಇದೆ ಅಂತ ಗೊತ್ತಿರುವವರು. ಅಂಥವರಿಗೆ ಪರದೆಯಲ್ಲಿ ಒಂದು ಅಂಕಿ ಕಾಣದಿದ್ದರೆ ಮನಸ್ಸಿಗೆ ಕುಟುಕುತ್ತದೆ. ಮನೆಯ ಮೆಟ್ಟಿಲಲ್ಲಿ ಒಂದು ಕಡಿಮೆಯಾದರೆ ಕತ್ತಲಲ್ಲೂ ಕಾಲಿಗೆ ಗೊತ್ತಾಗುವ ಹಾಗೆ.

ಆದರೆ ಇಟಿಸಿಎಸ್ ಕಟ್ಟಿರುವುದು ದೇಶ ದೇಶ ದಾಟಿ ಹೋಗುವ ರೈಲುಗಳಿಗಾಗಿ. ಗೂಡ್ಸ್ ರೈಲಿನ ಚಾಲಕರು ಬೇರೆ ದೇಶದ ಹಳಿಗೆ ಬರುತ್ತಾರೆ. ದಾರಿಯ ಪರಿಚಯ ಇರಬೇಕು ಅಂತ ನಿಯಮ ಇದೆ ನಿಜ. ಆದರೆ ದಿನಾ ಓಡಿಸುವವರಿಗೆ ಇರುವ ಕಾಲಿನ ನೆನಪು ಅವರಿಗೆ ಎಲ್ಲಿಂದ ಬರಬೇಕು? ಅವರಿಗೆ ಪರದೆ ಹೇಳಿದ್ದೇ ದಾರಿ. ಗಡಿಯಲ್ಲಿ ಒಂದು ದೇಶದ ರೇಡಿಯೋ ಬ್ಲಾಕ್ ಸೆಂಟರ್ ರೈಲನ್ನು ಇನ್ನೊಂದು ದೇಶದ್ದಕ್ಕೆ ಒಪ್ಪಿಸಿ ಕೈ ಬಿಡುತ್ತದೆ. ಆ ಕಡೆಯ ಕಂಪ್ಯೂಟರ್ ಪಟ್ಟಿ ಖಾಲಿ ಅಂದರೆ ಇವರು ಖಾಲಿ ಅಂತಲೇ ನಂಬಬೇಕು. ಹಾಗಾಗಿ ಗಡಿ ದಾಟುವ ಮಾರ್ಗಗಳಿಗೆ ಕೇಂಬ್ರಿಯನ್‌ನ ಪ್ರಕರಣ ಹೆಚ್ಚು ತಟ್ಟಬೇಕು ಅಂತ ನನ್ನ ಅಭಿಪ್ರಾಯ. ಅಲ್ಲಿ ಉಳಿಸಿದ ಆ ಕಣ್ಣು ಇಲ್ಲಿ ಇರಲೇಬೇಕು ಅಂತಿಲ್ಲ.

ಗಡಿ ಅಂದರೆ ದೇಶದ ಗಡಿಯೇ ಆಗಬೇಕಾಗಿಲ್ಲ. ಒಂದು ರಕ್ಷಣೆ ಮುಗಿದು ಇನ್ನೊಂದು ಶುರುವಾಗುವ ಜಾಗವೂ ಗಡಿಯೇ. ಸ್ಪೇನ್‌ನ ಸಾಂಟಿಯಾಗೊ ದೆ ಕಾಂಪೊಸ್ಟೆಲಾದಲ್ಲಿ 2013ರ ಜುಲೈ 24ರಂದು ಹಾಗೇ ಆಯಿತು. ಹೊಸ ಮಾರ್ಗದ ಇಟಿಸಿಎಸ್ ರಕ್ಷಣೆ ತಿರುವಿಗೆ ಮೊದಲೇ ಮುಗಿಯುತ್ತಿತ್ತು. ಆ ಬಗೆಯ ರೈಲುಗಳಲ್ಲಿ ಅದನ್ನು ಮೊದಲೇ ಆಫ್ ಕೂಡ ಮಾಡಿಟ್ಟಿದ್ದರು. 80 ಕಿ.ಮೀ. ಮಿತಿಯ ತಿರುವಿಗೆ ರೈಲು ಸುಮಾರು 180ರಲ್ಲಿ ನುಗ್ಗಿತು. ಚಾಲಕರು ಸ್ವಲ್ಪ ಹೊತ್ತಿನ ಮುಂಚೆ ಕೆಲಸದ ಫೋನಿನಲ್ಲಿ ಮಾತಾಡುತ್ತಿದ್ದರು. ಸುಮಾರು 80 ಜನ ಸತ್ತರು. ಅಲ್ಲಿ ಯಾವ ಕಣ್ಣೂ ಸಮಯಕ್ಕೆ ಒದಗಲಿಲ್ಲ.

ಹೊಸದುರ್ಗ ರೋಡ್

ಇದೆಲ್ಲ ದೂರದ ದೇಶದ ಕಥೆ ಅನಿಸಿದರೆ, ನಮ್ಮಲ್ಲೇ ಆದ ಒಂದನ್ನು ಹೇಳಬೇಕು. 2023ರ ಫೆಬ್ರವರಿ 8ರ ಸಂಜೆ. ಬೀರೂರು ಮತ್ತು ಚಿಕ್ಕಜಾಜೂರು ನಡುವಿನ ಹೊಸದುರ್ಗ ರೋಡ್ ಸ್ಟೇಷನ್. ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಅಲ್ಲಿಂದ ಹೊರಟಿತು. ಸ್ಟೇಷನ್ ಮಾಸ್ಟರ್ ಪ್ಯಾನೆಲ್‌ನಲ್ಲಿ ದಾರಿ ಸರಿಯಾಗಿಯೇ ಕಾಣುತ್ತಿತ್ತು. ನೆಲದ ಮೇಲೆ ಪಾಯಿಂಟ್, ಅಂದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆ, ಬೇರೆ ಹಳಿಗೆ ತಿರುಗಿತ್ತು, ಎದುರಿನ ರೈಲುಗಳು ಬರುವ ಹಳಿಗೆ.

ಮಹನ್‌ಲೆತ್‌ನ ಪರದೆಗೂ ಈ ಪ್ಯಾನೆಲ್‌ಗೂ ಎಷ್ಟು ಹತ್ತಿರ ನೋಡಿ. ತಂತ್ರಜ್ಞಾನ ಬೇರೆ, ಕಾರಣ ಬೇರೆ. ಇಲ್ಲಿ ಸಾಫ್ಟ್‌ವೇರ್ ಅಲ್ಲ, ಸಿಗ್ನಲ್ ಕೆಟ್ಟಾಗ ಸರಿಪಡಿಸಲು ನಡೆಸಿದ ಕೈಕೆಲಸ ಅಡ್ಡ ಬಂದಿತ್ತು. ಆದರೆ ಎರಡೂ ಕಡೆ ನೋಡುವವರಿಗೆ ಕಂಡದ್ದೊಂದು, ಹಳಿಯ ಮೇಲೆ ಇದ್ದದ್ದೊಂದು.

ಮಾರನೇ ದಿನವೇ ನೈರುತ್ಯ ರೈಲ್ವೆಯ ಹಿರಿಯ ಅಧಿಕಾರಿಯೊಬ್ಬರು ಪತ್ರ ಬರೆದರು. ರೈಲು ಹೊರಟ ಮೇಲೂ, ಪ್ಯಾನೆಲ್‌ನಲ್ಲಿ ಸರಿಯಾಗಿ ಕಾಣುತ್ತಿರುವಾಗಲೂ ದಾರಿ ಬದಲಾಗಬಹುದು, ಇದು ಗಂಭೀರ ಲೋಪ, ಕೂಡಲೇ ಸರಿಪಡಿಸಿ ಅಂತ ಎಚ್ಚರಿಸಿದರು. ನಾಲ್ಕು ತಿಂಗಳೊಳಗೆ, ಜೂನ್ 2ರಂದು, ಒಡಿಶಾದ ಬಹಾನಗಾ ಬಜಾರ್‌ನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮುಖ್ಯ ಹಳಿಯ ಹಸಿರು ಸಿಗ್ನಲ್ ಇತ್ತು, ಪಾಯಿಂಟ್ ಮಾತ್ರ ಪಕ್ಕದ ಲೂಪ್ ಹಳಿಗೆ ಇತ್ತು. ಅಲ್ಲಿ ನಿಂತಿದ್ದ ಗೂಡ್ಸ್‌ಗೆ ಡಿಕ್ಕಿಯಾಯಿತು. ಸತ್ತವರು 290ಕ್ಕೂ ಹೆಚ್ಚು. ಸಿಗ್ನಲ್ ವೈರಿಂಗ್‌ನಲ್ಲಿ ಮಾಡಿದ ತಪ್ಪು ಕೆಲಸವೇ ಕಾರಣ ಅಂತ ತನಿಖೆ ಹೇಳಿತು. ಹೊಸದುರ್ಗ ರೋಡ್‌ನಂಥ ಘಟನೆಗಳನ್ನು "ಏನೂ ಆಗಲಿಲ್ಲವಲ್ಲ" ಅಂತ ಬದಿಗಿಡುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಈಗ ನಮ್ಮ ಹಳಿಗಳಿಗೆ ಕವಚ್ ಎಂಬ ರೈಲು ರಕ್ಷಣಾ ವ್ಯವಸ್ಥೆ ಬರುತ್ತಿದೆ. ಸ್ಲೀಪರ್ ಮೇಲೆ ಟ್ಯಾಗ್, ಸ್ಟೇಷನ್ನಿನಲ್ಲಿ ಒಂದು ಯಂತ್ರ, ಎಂಜಿನ್‌ನಲ್ಲಿ ಇನ್ನೊಂದು, ನಡುವೆ ರೇಡಿಯೋ. ಇಟಿಸಿಎಸ್‌ನ ತಮ್ಮ ಅಂತಲೇ ಅನ್ನಬಹುದು. ತಾತ್ಕಾಲಿಕ ವೇಗ ಮಿತಿಯನ್ನೂ ರೈಲಿಗೆ ರೇಡಿಯೋದಲ್ಲೇ ಕಳಿಸುವ ಏರ್ಪಾಡು ಅದರಲ್ಲಿದೆ. ಅದು ಬೇಗ ಎಲ್ಲ ಮಾರ್ಗಕ್ಕೂ ಬರಲಿ ಅಂತ ನಾನು ಮನಸಾರೆ ಬಯಸುತ್ತೇನೆ. ಬರುವಾಗ ಆ "ನಿಲ್" ಎಂಬ ಚೀಟಿಯ ಬುದ್ಧಿಯನ್ನೂ ಜೊತೆಗೆ ತರಲಿ. ಪಟ್ಟಿ ಖಾಲಿ ಇದ್ದರೆ ಖಾಲಿ ಅಂತ ಯಾರು, ಯಾವಾಗ ಹೇಳಿದರು ಎಂಬುದು ಎಂಜಿನ್‌ಗೆ ಗೊತ್ತಿರಲಿ.

ಅವತ್ತು ಹೊಸದುರ್ಗ ರೋಡ್‌ನಲ್ಲಿ ಸಂಪರ್ಕ ಕ್ರಾಂತಿಯ ಲೋಕೋ ಪೈಲಟ್ ಹೊರಡುವಾಗ ಮುಂದಿನ ಹಳಿಯ ಮೇಲೆ ಕಣ್ಣಿಟ್ಟಿದ್ದರು. ಪಾಯಿಂಟ್ ತಿರುಗಿರುವುದು ಅವರಿಗೆ ಕಂಡಿತು. ಅದನ್ನು ದಾಟುವ ಮೊದಲೇ ರೈಲು ನಿಲ್ಲಿಸಿದರು.